ಗಾನ್‌ತ್ಸಾವ್ ಕಷಾಯ: ಜ್ಯೇಷ್ಠಮಧುವನ್ನು ಚೀನೀಯರ ಹಾಗೆ ಕುದಿಸುವ ಬಗೆ

ದಕ್ಷಿಣ ಚೀನಾದ ಗುವಾಂಗ್‌ಜೋ ನಗರದಲ್ಲಿ 1828ರಲ್ಲಿ ಶುರುವಾದ ವಾಂಗ್ ಲಾವ್‌ಜಿ ಎಂಬ ತಂಪು ಕಷಾಯ ಇಂದು ಕೆಂಪು ಡಬ್ಬಿಯಲ್ಲಿ ಎಲ್ಲೆಡೆ ಸಿಗುತ್ತದೆ. ಡಬ್ಬಿಯ ಮೇಲೆ ನೀರು, ಸಕ್ಕರೆಯ ನಂತರ ಏಳು ಸಸ್ಯಗಳ ಹೆಸರಿವೆ. ಸೇವಂತಿಗೆ ಇದೆ, ನಮ್ಮ ದೇವಸ್ಥಾನಗಳ ಅಂಗಳದಲ್ಲಿ ಉದುರಿ ಬಿದ್ದಿರುವ ದೇವಕಣಗಿಲೆ ಹೂವೂ ಇದೆ. ಏಳರಲ್ಲಿ ಕೊನೆಯ ಹೆಸರು ಗಾನ್‌ತ್ಸಾವ್. ಅಕ್ಷರಶಃ ‘ಸಿಹಿ ಹುಲ್ಲು’ ಎಂದರ್ಥ. ಆದರೆ ಅದು ಹುಲ್ಲಲ್ಲ, ಅವರೆ-ಹುರುಳಿಯ ಬಳಗಕ್ಕೆ ಸೇರಿದ ಗಿಡದ ಬೇರು. ನಮಗೆ ಅದು ಜ್ಯೇಷ್ಠಮಧು, ಅತಿಮಧುರ, ಯಷ್ಟಿಮಧು.

ಪಟ್ಟಿಯ ಕೊನೆಯಲ್ಲಿರುವುದು ಆಕಸ್ಮಿಕವಲ್ಲ. ‘ಹತ್ತು ಕಷಾಯಗಳಲ್ಲಿ ಒಂಬತ್ತಕ್ಕೆ ಗಾನ್‌ತ್ಸಾವ್’ ಎಂಬ ಮಾತು ಚೀನೀ ವೈದ್ಯರಲ್ಲಿ ಬಳಕೆಯಲ್ಲಿದೆ. ಆದರೆ ಆ ಒಂಬತ್ತರಲ್ಲಿ ಹೆಚ್ಚಿನವುಗಳಲ್ಲಿ ಅದು ಮುಖ್ಯ ಮದ್ದಲ್ಲ. ಅವರ ಲೆಕ್ಕದಲ್ಲಿ ಒಂದು ಕಷಾಯವೆಂದರೆ ಒಂದು ಆಸ್ಥಾನ: ಒಬ್ಬ ಅರಸ, ಒಬ್ಬ ಮಂತ್ರಿ, ಸಹಾಯಕ, ದೂತ. ಗಾನ್‌ತ್ಸಾವ್‌ಗೆ ಸಾಮಾನ್ಯವಾಗಿ ದೂತನ ಪಾಲು. ಜಗಳಗಂಟ ಬೇರುಗಳ ನಡುವೆ ರಾಜಿ ಮಾಡಿಸುವುದು, ಖಾರವನ್ನು ತಗ್ಗಿಸುವುದು, ಕಹಿಯನ್ನು ನುಂಗುವಂತೆ ಮಾಡುವುದು ಅದರ ಕೆಲಸ. ಐದನೇ ಶತಮಾನದ ಕೊನೆಯ ಹೊತ್ತಿಗೆ ಬಾಳಿದ ತಾವ್ ಹೋಂಗ್‌ಜಿಂಗ್ ಎಂಬ ಪಂಡಿತ ಇದಕ್ಕಿರುವ ‘ನಾಡಿನ ಹಿರಿಯ’ ಎಂಬ ಬಿರುದನ್ನು ವಿವರಿಸುತ್ತಾ, ಇದು ಅರಸನಲ್ಲ, ಆದರೆ ಅರಸರೇ ತಲೆಬಾಗುವ ಗುರು ಎಂದ. ಇನ್ನು ನಮ್ಮ ಹೆಸರಿಗೆ ಬಂದರೆ, ‘ಯಷ್ಟಿ’ ಎಂದರೆ ಕೋಲು. ಯಷ್ಟಿಮಧು ಬಾಯಿಂದ ಬಾಯಿಗೆ ಸಾಗುತ್ತಾ ಜ್ಯೇಷ್ಠಮಧುವಾಗಿರಬೇಕು. ಹಾಗೆ ತಪ್ಪಿ ಹುಟ್ಟಿದ ಹೆಸರಿನಲ್ಲೂ ಒಬ್ಬ ಹಿರಿಯ ಬಂದು ಕುಳಿತಿರುವುದು ನನಗೆ ಖುಷಿ ಕೊಡುತ್ತದೆ.

ಮನೆಯಲ್ಲಿ ಕುದಿಸುವವರು ಎಡವುವುದು ಇಲ್ಲೇ. ಸಿಹಿಯಾಗಿದೆ, ಬೇರಲ್ಲವೇ, ಏನೂ ಆಗುವುದಿಲ್ಲ ಎಂದು ದೂತನನ್ನು ಸಿಂಹಾಸನಕ್ಕೆ ಏರಿಸಿ ಹಿಡಿಗಟ್ಟಲೆ ಹಾಕುತ್ತಾರೆ. ಮೊದಲ ಸಲ ನಾನೂ ಹಾಕಿದ್ದೆ. ಬಂದದ್ದು ಗಂಟಲಿಗೆ ಅಂಟಿಕೊಳ್ಳುವ, ಸಂಜೆಯವರೆಗೆ ನಾಲಿಗೆ ಬಿಡದ ಒಂದು ದ್ರವ.

ಮೊದಲು ಕುಡಿಯಬಾರದವರ ಪಟ್ಟಿ

ಪಾಕವಿಧಾನಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ. ಅದಕ್ಕೇ ಇದು ಮೊದಲು.

ರಕ್ತದೊತ್ತಡ, ಹೃದಯದ ತೊಂದರೆ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಇದನ್ನು ಕುಡಿಯಬಾರದು. ಗರ್ಭಿಣಿಯರು ಕುಡಿಯಬಾರದು. ನೀರಿಳಿಸುವ ಮಾತ್ರೆ, ಡಿಗಾಕ್ಸಿನ್, ಸ್ಟೀರಾಯ್ಡ್ ಅಥವಾ ವಾರ್ಫರಿನ್ ತೆಗೆದುಕೊಳ್ಳುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಒಂದು ಲೋಟವನ್ನೂ ಮುಟ್ಟಬಾರದು. ಬಿ.ಪಿ. ಮಾತ್ರೆಯಿಂದ ಹತೋಟಿಯಲ್ಲಿದೆಯಲ್ಲ ಎಂಬ ಸಮಜಾಯಿಷಿ ಇಲ್ಲಿ ನಡೆಯದು.

ಕಾರಣ ತಿಳಿದರೆ ಈ ಮಾತು ಮನಸ್ಸಿನಲ್ಲಿ ನಿಲ್ಲುತ್ತದೆ. ಬೇರಿಗೆ ಸಿಹಿ ಕೊಡುವುದು ಗ್ಲಿಸಿರೈಜಿನ್ ಎಂಬ ವಸ್ತು. ಸಕ್ಕರೆಗಿಂತ ಮೂವತ್ತರಿಂದ ಐವತ್ತು ಪಟ್ಟು ಸಿಹಿ. ನಮ್ಮ ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಒಂದು ಕಿಣ್ವವಿದೆ. ಗ್ಲಿಸಿರೈಜಿನ್ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಆಗ ಕಾರ್ಟಿಸಾಲ್ ತನ್ನದಲ್ಲದ ಬಾಗಿಲನ್ನು ತಟ್ಟಿ, ಉಪ್ಪನ್ನೂ ನೀರನ್ನೂ ದೇಹದಲ್ಲೇ ಹಿಡಿದಿಡುವಂತೆ, ಪೊಟ್ಯಾಸಿಯಂ ಅನ್ನು ಹೊರಗೆ ಸುರಿಯುವಂತೆ ಮಾಡುತ್ತದೆ. ಪಾದ ಊದಿಕೊಳ್ಳುತ್ತದೆ, ತಲೆ ನೋಯುತ್ತದೆ, ಒತ್ತಡ ಏರುತ್ತದೆ, ಸ್ನಾಯುಗಳು ಸೋಲುತ್ತವೆ, ಹೃದಯದ ತಾಳ ತಪ್ಪುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕೆಲವು ವಾರ ಪ್ರತಿದಿನ ಒಂದೂವರೆ ಪೊಟ್ಟಣದಷ್ಟು ಈ ಬೇರಿನ ಸಾರವಿರುವ ಕಪ್ಪು ಮಿಠಾಯಿ ತಿಂದ 54 ವರ್ಷದ ಕಾರ್ಮಿಕನೊಬ್ಬ ಹೀಗೆಯೇ ತೀರಿಕೊಂಡದ್ದನ್ನು ವೈದ್ಯರು 2020ರಲ್ಲಿ ವರದಿ ಮಾಡಿದ್ದಾರೆ.

ಹಾಗಾದರೆ ಎಷ್ಟು ಸರಿ? ಚೀನಾದ ಅಧಿಕೃತ ಔಷಧಸಂಹಿತೆ ದಿನಕ್ಕೆ 2ರಿಂದ 10 ಗ್ರಾಂ ಎನ್ನುತ್ತದೆ. ಆದರೆ ಅದು ನಾಡಿ ಹಿಡಿದು ನೋಡಿ, ಇಷ್ಟೇ ದಿನ ಎಂದು ಹೇಳಿ ಚೀಟಿ ಬರೆಯುವ ವೈದ್ಯನಿಗೆ. ಯುರೋಪಿನ ಆಹಾರ ತಜ್ಞರ ಸಮಿತಿ ನಿತ್ಯ ಸೇವನೆಗೆ ಹಾಕಿದ ಮೇಲ್ಮಿತಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್. ಬೇರಿನಲ್ಲಿ ಕನಿಷ್ಠ ಶೇಕಡ 2ರಷ್ಟಾದರೂ ಅದು ಇರಬೇಕೆಂಬುದು ಚೀನಾದ ಗುಣಮಟ್ಟ. ಅಂದರೆ 5 ಗ್ರಾಂ ಬೇರಿನಲ್ಲೇ 100 ಮಿಲಿಗ್ರಾಂ ಆಯಿತು. ಒಳ್ಳೆಯ ಬೇರಾದರೆ ಇನ್ನೂ ಬೇಗ. ಆದ್ದರಿಂದ ಮನೆಯಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 3 ಗ್ರಾಂ ದಾಟಬಾರದು, ಸತತವಾಗಿ ಒಂದು ವಾರ ಮೀರಬಾರದು ಎಂಬುದು ನಾನು ಹಾಕಿಕೊಂಡ ಗೆರೆ. ಮುಂದಿನ ಅಳತೆಗಳೆಲ್ಲ ಈ ಗೆರೆಯೊಳಗೇ ಇವೆ. ಒಂದು ವಾರದಲ್ಲಿ ವಾಸಿಯಾಗದ ಗಂಟಲು ಕಷಾಯದ ಗಂಟಲಲ್ಲ, ವೈದ್ಯರ ಗಂಟಲು.

ಬೇರು ಕೊಳ್ಳುವುದು

ಚೀನಾದಲ್ಲಿ ಇದು ಬೆಳೆಯುವುದು ಹಸಿರು ದಕ್ಷಿಣದಲ್ಲಲ್ಲ. ಒಳ ಮಂಗೋಲಿಯಾ, ನಿಂಗ್‌ಶಿಯಾ, ಗಾನ್ಸು, ಶಿನ್‌ಜಿಯಾಂಗ್‌ಗಳ ಒಣ, ಮರಳು ನೆಲದಲ್ಲಿ. ನೀರು ಹುಡುಕುತ್ತಾ ಬೇರು ಆಳಕ್ಕೆ ಇಳಿಯುತ್ತದೆ, ಇಳಿಯುತ್ತಾ ಮರಳನ್ನು ಹಿಡಿದಿಡುತ್ತದೆ. ಕಾಡು ಗಿಡಗಳನ್ನು ಸಿಕ್ಕಸಿಕ್ಕಲ್ಲಿ ಅಗೆದು ಗುಂಡಿಗಳನ್ನು ಹಾಗೆಯೇ ಬಿಟ್ಟುಹೋದ ಕಡೆ ಮರುಭೂಮಿ ಮುಂದೆ ಸರಿಯಿತು. 2000ನೇ ಇಸವಿಯಲ್ಲಿ ಚೀನಾ ಸರಕಾರವೇ ಮನಬಂದಂತೆ ಅಗೆಯುವುದನ್ನು ತಡೆಯುವ ಆದೇಶ ಹೊರಡಿಸಬೇಕಾಯಿತು. ‘ಕಾಡಿನ ಬೇರು’ ಎಂದು ಹೆಚ್ಚು ಬೆಲೆ ಕೇಳಿದರೆ ಮರುಳಾಗುವ ಅಗತ್ಯವಿಲ್ಲ. ಬೆಳೆಸಿದ ಬೇರು ಸಾಕು.

ಚೀನೀ ಔಷಧಸಂಹಿತೆ ಒಪ್ಪುವ ಜಾತಿಗಳು ಮೂರು. ಅವುಗಳಲ್ಲೊಂದು ಪಶ್ಚಿಮ ಮತ್ತು ಮಧ್ಯ ಏಷ್ಯಾದ ಗ್ಲಿಸಿರೈಜಾ ಗ್ಲಾಬ್ರಾ. ನಮ್ಮ ಆಯುರ್ವೇದದ ಯಷ್ಟಿಮಧುವೂ ಅದೇ. ಹಾಗಾಗಿ ಬೀಜಿಂಗ್‌ನಿಂದ ತರಿಸಬೇಕಿಲ್ಲ. ಊರಿನ ಗ್ರಂಧಿಗೆ ಅಂಗಡಿಗೆ ಹೋಗಿ ‘ಜ್ಯೇಷ್ಠಮಧು ಕಡ್ಡಿ’ ಎಂದು ಕೇಳಿ. ಪುಡಿ ಕೊಟ್ಟರೆ ಬೇಡ ಎನ್ನಿ. ಪುಡಿಯಲ್ಲಿ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಕುದಿಸಿದರೆ ಸೋಸಲು ಬರುವುದಿಲ್ಲ, ಅಳತೆ ತಪ್ಪುವುದೂ ಸುಲಭ.

ಕಡ್ಡಿಯನ್ನು ಮುರಿದು ನೋಡಿ. ಹೊರಸಿಪ್ಪೆ ಕೆಂಪು ಮಿಶ್ರಿತ ಕಂದು ಅಥವಾ ಬೂದುಗಂದು, ಉದ್ದುದ್ದಕ್ಕೆ ಸುಕ್ಕು. ಒಳಗೆ ಹಳದಿ, ನಾರು ನಾರು, ತುಸು ಹಿಟ್ಟಿನ ಪಸೆ. ಅಡ್ಡ ಕತ್ತರಿಸಿದ ಬಿಲ್ಲೆಯನ್ನು ಬೆಳಕಿಗೆ ಹಿಡಿದರೆ ನಡುವಿನಿಂದ ಅಂಚಿಗೆ ಗೆರೆಗಳು ಹರಡಿರುತ್ತವೆ. ಚೀನೀ ವ್ಯಾಪಾರಿಗಳು ಇದನ್ನು ‘ಸೇವಂತಿಗೆಯ ಎದೆ’ ಎನ್ನುತ್ತಾರೆ. ಕೆಲವು ತುಂಡುಗಳ ನಡುವೆ ಮೆದುವಾದ ತಿರುಳು ಕಾಣಬಹುದು. ಅವು ಬೇರಲ್ಲ, ನೆಲದಡಿ ಹರಿದ ಕಾಂಡ, ಅವೂ ನಡೆಯುತ್ತವೆ. ಬಿಳಿಚಿಕೊಂಡ, ಹುಳ ಕೊರೆದ, ಮುಗ್ಗುಲು ವಾಸನೆಯ ಕಡ್ಡಿ ಬೇಡ. ಒಂದು ಚೂರು ಜಗಿಯಿರಿ. ಮೊದಲು ಮರ ಜಗಿದಂತೆ, ಆಮೇಲೆ ನಿಧಾನವಾಗಿ ಸಿಹಿ, ಉಗುಳಿದ ಮೇಲೂ ಸಿಹಿ. ಹಾಗೆ ತಡವಾಗಿ ಬಂದು ತಡವಾಗಿ ಹೋಗುವುದೇ ಗುರುತು.

ಬೇಲಿಯ ಗುಲಗಂಜಿ ಬಳ್ಳಿಯ ಬೇರೂ ಸಿಹಿ, ಜ್ಯೇಷ್ಠಮಧುವಿನ ಬದಲಿಗೆ ಅದು ನಡೆಯುತ್ತದೆ ಎಂಬ ಮಾತು ಹಳೆಯದು. ದಯವಿಟ್ಟು ಅಗೆಯಬೇಡಿ. ಅದೇ ಬಳ್ಳಿಯ ಕೆಂಪು-ಕಪ್ಪು ಬೀಜದಲ್ಲಿರುವುದು ಏಬ್ರಿನ್ ಎಂಬ ಘೋರ ವಿಷ. ಚಿನ್ನ ತೂಗುವುದಕ್ಕೆ ಅದು ಸರಿ, ಹೊಟ್ಟೆಗಲ್ಲ.

ಕತ್ತರಿಸಿ, ತೂಗಿ

ಒಣ ಕಡ್ಡಿ ಚಾಕುವಿಗೆ ಬಗ್ಗುವುದಿಲ್ಲ. ಜಾರಿ ಬೆರಳಿಗೆ ಬರುತ್ತದೆ. ಚೀನಾದ ಮದ್ದಿನಂಗಡಿಗಳಲ್ಲಿ ಬೇರನ್ನು ನೀರಿನಲ್ಲಿ ಮುಳುಗಿಸಿಡುವುದಿಲ್ಲ, ಸಿಹಿಯೆಲ್ಲ ನೀರಿಗೆ ಹೋಗುತ್ತದೆ. ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ತೇವ ತಾನಾಗಿ ಒಳಗೆ ಇಳಿಯುವವರೆಗೆ ಕಾಯುತ್ತಾರೆ. ಮನೆಯಲ್ಲಿ ರಾತ್ರಿ ಸುತ್ತಿಟ್ಟರೆ ಬೆಳಿಗ್ಗೆ ಬಾಗುವಷ್ಟು ಮೆತ್ತಗಾಗಿರುತ್ತದೆ. ಆಮೇಲೆ ಅಡಕತ್ತರಿ ತೆಗೆದುಕೊಳ್ಳಿ. ಇದಕ್ಕಿಂತ ಒಳ್ಳೆಯ ಸಲಕರಣೆಯನ್ನು ನಾನು ಕಂಡಿಲ್ಲ. ಅಜ್ಜಿಯ ಎಲೆಯಡಿಕೆ ತಟ್ಟೆಯಿಂದ ಹೊರಬಂದ ಮೇಲೆ ಅದಕ್ಕೂ ಒಂದು ಕೆಲಸ ಸಿಕ್ಕಂತಾಯಿತು. 2ರಿಂದ 4 ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಓರೆಯಾಗಿ ಕತ್ತರಿಸಿ, ನೆರಳಿನಲ್ಲಿ ಗಾಳಿಯಾಡುವಂತೆ ಪೂರ್ತಿ ಒಣಗಿಸಿ.

ಗ್ರಾಂ ಲೆಕ್ಕದ ತಕ್ಕಡಿ ಮನೆಯಲ್ಲಿ ಇಲ್ಲದಿದ್ದರೆ ಒಂದು ಉಪಾಯವಿದೆ. ಅಂಗಡಿಯವನಿಂದಲೇ ಸರಿಯಾಗಿ 30 ಗ್ರಾಂ ತೂಗಿಸಿ ತನ್ನಿ. ಕತ್ತರಿಸಿ ಒಣಗಿಸಿದ ಮೇಲೆ ಬಿಳಿ ಬಟ್ಟೆಯ ಮೇಲೆ ಹರಡಿ, ಕಣ್ಣಳತೆಯಲ್ಲಿ ಹತ್ತು ಸಮ ಗುಡ್ಡೆ ಮಾಡಿ. ಒಂದೊಂದು ಗುಡ್ಡೆ 3 ಗ್ರಾಂ, ಅಂದರೆ ಒಬ್ಬರ ಒಂದು ದಿನದ ಪಾಲು. ಹತ್ತು ಕಾಗದದ ಪೊಟ್ಟಣ ಕಟ್ಟಿಬಿಡಿ. ‘ಒಂದು ಸಣ್ಣ ತುಂಡು’ ಎಂಬ ಅಳತೆಯಿಂದ ಆಗುವ ಅನಾಹುತ ಇಲ್ಲಿಗೆ ತಪ್ಪಿತು.

ಗಂಟಲಿನ ಕಷಾಯ

ದೂತ ಅರಸನಾಗುವ ಅಪರೂಪದ ಸಂದರ್ಭ ಇದು. ಸುಮಾರು 1800 ವರ್ಷಗಳ ಹಿಂದೆ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯ ಜ್ವರಗಳ ಬಗ್ಗೆ ಬರೆದ ಗ್ರಂಥದಲ್ಲಿ ಗಂಟಲು ನೋವಿಗೆ ಬರಿಯ ಗಾನ್‌ತ್ಸಾವ್ ಕಷಾಯ ಹೇಳಿದ್ದಾನೆ: ಮೂರು ಪಾಲು ನೀರು ಒಂದೂವರೆ ಪಾಲಿಗೆ ಇಳಿಯುವವರೆಗೆ ಕುದಿಸು, ಸೋಸು, ಬೆಚ್ಚಗೆ ದಿನಕ್ಕೆರಡು ಸಲ ಕೊಡು. ಗುಣವಾಗದಿದ್ದರೆ ಜಿಯೇಗಂಗ್ ಎಂಬ ನೀಲಿ ಗಂಟೆ ಹೂವಿನ ಗಿಡದ ಬೇರನ್ನು ಸೇರಿಸು. ಆ ಗ್ರಂಥದ ಬೇರೆ ಕಷಾಯಗಳಲ್ಲಿ ಹೆಚ್ಚಾಗಿ ಹುರಿದ ಗಾನ್‌ತ್ಸಾವ್. ಇಲ್ಲಿ ಹುರಿಯದ್ದು. ಗಂಟಲಿನ ಉರಿಗೆ ಹುರಿಯದ ಬೇರು ತಂಪು ಎಂಬುದು ಅವರ ತರ್ಕ.

ಪಾತ್ರೆ ಮಣ್ಣಿನದು ಅಥವಾ ಗಾಜಿನದು ಇರಲಿ, ಸ್ಟೀಲ್ ಆದರೂ ಆಗಬಹುದು. ಕಬ್ಬಿಣ, ಅಲ್ಯೂಮಿನಿಯಂ ಬೇಡ. ಗಾತ್ರ ಮಾತ್ರ ನೀರಿನ ಎರಡು ಪಟ್ಟು ಇರಬೇಕು, ಯಾಕೆಂದು ಈಗಲೇ ತಿಳಿಯುತ್ತದೆ. 3 ಗ್ರಾಂ ಬಿಲ್ಲೆಗಳನ್ನು ಅರ್ಧ ಲೀಟರ್ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಯಲು ಬಿಡಿ. ನೆನೆದ ನೀರನ್ನು ಚೆಲ್ಲದೆ ಅದರಲ್ಲೇ ಒಲೆಗಿಡಿ. ಚೀನೀಯರಲ್ಲಿ ಉರಿಗೆ ಎರಡು ಹೆಸರು: ದೊಡ್ಡದು ‘ಯೋಧನ ಉರಿ’, ಸಣ್ಣದು ‘ಪಂಡಿತನ ಉರಿ’. ಕುದಿ ಬರುವವರೆಗೆ ಯೋಧ, ಆಮೇಲೆ ಪಂಡಿತ.

ಕುದಿ ಬರುತ್ತಿದ್ದಂತೆ ಬಿಳಿ ನೊರೆ ಏಳುತ್ತದೆ, ಹಾಲು ಉಕ್ಕಿದ ಹಾಗೆ. ಕೊಳೆಯೆಂದು ತೆಗೆದೆಸೆಯಬೇಡಿ. ಗ್ಲಿಸಿರೈಜಿನ್ ಅಂಟುವಾಳದ ನೊರೆಗೆ ಕಾರಣವಾದ ಸಾಪೊನಿನ್‌ಗಳ ಜಾತಿಗೇ ಸೇರಿದ್ದು. ನೊರೆ ಬರುವುದು ಈ ಬೇರಿನ ಸಹಜ ಗುಣ. ಉರಿ ತಗ್ಗಿಸಿ, ಮುಚ್ಚಳ ಓರೆ ಮಾಡಿ, ಇಪ್ಪತ್ತು ನಿಮಿಷ ಬಿಡಿ. ನೀರು ಅರ್ಧಕ್ಕೆ ಇಳಿದಾಗ ಬಣ್ಣ ತಿಳಿ ಹೊಂಬಣ್ಣಕ್ಕೆ ಬಂದಿರುತ್ತದೆ. ಸೋಸಿ, ಬೆಳಿಗ್ಗೆ ಅರ್ಧ, ಸಂಜೆ ಬಿಸಿ ಮಾಡಿ ಉಳಿದರ್ಧ. ಗುಟುಕು ಗುಟುಕಾಗಿ, ಗಂಟಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ನುಂಗಬೇಕು. ಸಕ್ಕರೆ, ಬೆಲ್ಲ ಯಾವುದೂ ಬೇಡ.

ಅದೇ ಬಿಲ್ಲೆಗಳಿಗೆ ಮತ್ತೆ ನೀರು ಹಾಕಿ ಎರಡನೇ ಸಲ ಕುದಿಸಿ ಮೊದಲಿನದರೊಂದಿಗೆ ಬೆರೆಸುವುದು ಚೀನೀ ಪದ್ಧತಿ. ಬೆರೆಸಿದರೆ ಎರಡೂ ಸೇರಿ ಒಂದೇ ದಿನದ ಪಾಲು ಎಂಬುದು ನೆನಪಿರಲಿ.

ಸೇವಂತಿಗೆಯ ಜೊತೆ

ಗುವಾಂಗ್‌ಜೋ ಸುತ್ತಲಿನ ಕ್ಯಾಂಟನ್ ಸೀಮೆಯಲ್ಲಿ ತಂಪು ಕಷಾಯಕ್ಕೆ ಲಿಯಾಂಗ್‌ಛಾ, ಅಂದರೆ ‘ತಂಪು ಚಹಾ’ ಎನ್ನುತ್ತಾರೆ. ಹೆಸರು ಚಹಾ, ಒಳಗೆ ಚಹಾ ಎಲೆಯೇ ಇರುವುದಿಲ್ಲ. ಗುವಾಂಗ್‌ಡಾಂಗ್, ಹಾಂಗ್‌ಕಾಂಗ್, ಮಕಾವ್‌ಗಳ ಈ ಕಷಾಯ ಪರಂಪರೆಯನ್ನು ಚೀನಾ 2006ರಲ್ಲಿ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕರಿದದ್ದು ತಿಂದು, ನಿದ್ದೆಗೆಟ್ಟು ಬಾಯಿಹುಣ್ಣಾದರೆ ಅವರು ‘ಬೆಂಕಿ ಏರಿದೆ’ ಎನ್ನುತ್ತಾರೆ, ನಾವು ‘ಉಷ್ಣವಾಗಿದೆ’ ಎನ್ನುತ್ತೇವೆ. ಈ ಮಾತನ್ನು ಕನ್ನಡಿಗರಿಗೆ ಅನುವಾದಿಸುವ ಕಷ್ಟವೇ ಇಲ್ಲ.

ಅವರ ‘ಇಪ್ಪತ್ನಾಲ್ಕು ರುಚಿ’ ಎಂಬ ಕಷಾಯದಲ್ಲಿ ನಾಲಿಗೆಗೆ ತಿಳಿಯುವುದು ಒಂದೇ ರುಚಿ, ಕಹಿ. ಮನೆಗೆ ಅದು ಬೇಡ. ಒಣಗಿಸಿದ ಬಿಳಿ ಸೇವಂತಿಗೆ ಆರೇಳು, ಗಾನ್‌ತ್ಸಾವ್ ಬಿಲ್ಲೆ ಎರಡು, ಇಷ್ಟು ಸಾಕು. ಮುಚ್ಚಳವಿರುವ ಲೋಟಕ್ಕೆ ಹಾಕಿ, ಕುದಿದು ಒಂದು ನಿಮಿಷ ಆರಿದ ನೀರು ಸುರಿದು, ಹತ್ತು ನಿಮಿಷ ಮುಚ್ಚಿಡಿ. ಹೂವು ಕುಡಿಯಲೆಂದೇ ಒಣಗಿಸಿದ್ದಾಗಿರಬೇಕು. ಹೂಮಾರುಕಟ್ಟೆಯ ಸೇವಂತಿಗೆ ದೇವರಿಗೆ, ಮುಡಿಗೆ; ಅದಕ್ಕೆ ಎಷ್ಟು ಕೀಟನಾಶಕ ಹೊಡೆದಿರುತ್ತಾರೋ ಹೇಳಬರುವುದಿಲ್ಲ.

ಜೇನಿನಲ್ಲಿ ಹುರಿಯುವುದು

ಹುರಿಯದ ಬೇರು ತಂಪು, ಜೇನಿನಲ್ಲಿ ಹುರಿದದ್ದು ಬೆಚ್ಚಗಿನದು, ಹೊಟ್ಟೆಗೆ ಹಿತ ಎಂಬುದು ಚೀನೀ ನಂಬಿಕೆ. ಮದ್ದಿನಂಗಡಿಯಲ್ಲಿ ಇವೆರಡೂ ಬೇರೆ ಬೇರೆ ಡ್ರಾಯರುಗಳಲ್ಲಿ ಇರುತ್ತವೆ. ಅನುಪಾತ ನೂರಕ್ಕೆ ಇಪ್ಪತ್ತೈದು: 100 ಗ್ರಾಂ ಬಿಲ್ಲೆಗೆ 25 ಗ್ರಾಂ ಜೇನು. ಜೇನಿಗೆ ಸ್ವಲ್ಪ ಬಿಸಿನೀರು ಬೆರೆಸಿ ತೆಳುವಾಗಿಸಿ, ಬಿಲ್ಲೆಗಳಿಗೆ ಸವರಿ, ಪೂರ್ತಿ ಹೀರುವವರೆಗೆ ಮುಚ್ಚಿಡಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಿ. ಹಳದಿಯಿಂದ ಗಾಢ ಹಳದಿಗೆ ತಿರುಗಿ, ಮುಟ್ಟಿದರೆ ಬೆರಳಿಗೆ ಅಂಟದಂತಾದಾಗ ಇಳಿಸಿ. ಇದಕ್ಕೆ ಅವಸರ ಕೂಡದು. ಮೊಬೈಲ್ ಕೈಯಲ್ಲಿ ಹಿಡಿದು ಹುರಿದ ನನ್ನ ಮೊದಲ ಬಾಣಲೆ ನೇರವಾಗಿ ಗಿಡದ ಬುಡ ಸೇರಿತು. ಹುರಿದದ್ದು ತೇವ ಎಳೆಯುತ್ತದೆ. ಮಳೆಗಾಲದಲ್ಲಿ ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡುವುದು ಒಳ್ಳೆಯದು.

ಹುರಿದ ಬೇರಿಗೆ ಹೊಂದುವುದು ಗೋಧಿ ಮತ್ತು ಒಣ ಖರ್ಜೂರದಂತೆ ಕಾಣುವ ಕೆಂಪು ಬೋರೆಹಣ್ಣು. ಸುಮ್ಮಸುಮ್ಮನೆ ಅಳು ಬರುವ ಹೆಂಗಸರಿಗೆಂದು ಇದೂ ಜಾಂಗ್ ಜೋಂಗ್‌ಜಿಂಗ್ ಹೇಳಿದ ಕಷಾಯವೇ. ಇಂದಿನ ಚೀನೀ ವೈದ್ಯರು ಇದಕ್ಕೆ 9 ಗ್ರಾಂವರೆಗೂ ಬೇರು ಬರೆಯುತ್ತಾರೆ. ನೀವು 3ಕ್ಕೆ ನಿಲ್ಲಿಸಿ. ಎರಡು ದೊಡ್ಡ ಚಮಚ ಇಡೀ ಗೋಧಿ, ಬೀಜ ತೆಗೆದು ಸೀಳಿದ ಐದು ಬೋರೆಹಣ್ಣು, ಒಂದು ಲೀಟರ್ ನೀರು, ಪಂಡಿತನ ಉರಿಯಲ್ಲಿ ಮುಕ್ಕಾಲು ಗಂಟೆ. ರುಚಿ ತೆಳು ಗೋಧಿ ಪಾಯಸದ ತಿಳಿಯಂತೆ. ತಿಂಗಳುಗಟ್ಟಲೆ ಅಳು ನಿಲ್ಲದಿದ್ದರೆ ಬೇಕಾದದ್ದು ಗೋಧಿಯಲ್ಲ, ಮನೋವೈದ್ಯರು.

ಬೇಸಿಗೆಗೆ ಹುಳಿ ಪಾನಕ

ಬೀಜಿಂಗ್‌ನ ಸುವಾನ್‌ಮೇಯ್‌ಥಾಂಗ್ ಮದ್ದಲ್ಲ, ಪಾನಕ. ಹೊಗೆಯಾಡಿಸಿ ಕಪ್ಪಾಗಿಸಿದ ಹುಳಿ ಪ್ಲಮ್ 50 ಗ್ರಾಂ, ಒಣಗಿಸಿದ ಶಾನ್‌ಜಾ ಎಂಬ ಸಣ್ಣ ಕೆಂಪು ಹುಳಿ ಹಣ್ಣಿನ ಬಿಲ್ಲೆ 50 ಗ್ರಾಂ, ಒಣ ಕಿತ್ತಳೆ ಸಿಪ್ಪೆ 5 ಗ್ರಾಂ, ಗಾನ್‌ತ್ಸಾವ್ 5 ಗ್ರಾಂ, ಎರಡೂವರೆ ಲೀಟರ್ ನೀರು. ಒಂದು ಗಂಟೆ ನೆನೆಸಿ, ಮುಕ್ಕಾಲು ಗಂಟೆ ಕುದಿಸಿ, ಬಿಸಿಯಿರುವಾಗಲೇ ಕಲ್ಲುಸಕ್ಕರೆ ಕರಗಿಸಿ, ಸೋಸಿ, ತಣಿಸಿ. ಎಂಟು ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ಬೇರಿನ ಪಾಲು ಒಂದು ಗ್ರಾಂಗಿಂತ ಕಡಿಮೆ. ದೂತ ತನ್ನ ಜಾಗದಲ್ಲಿ ಇದ್ದಾನೆ: ಹುಳಿಯ ಮೊನೆ ಮುರಿದು ತಾನು ಕಾಣಿಸಿಕೊಳ್ಳದೆ ಹಿಂದೆ ಸರಿಯುತ್ತಾನೆ. ಆ ಎರಡು ಹಣ್ಣುಗಳು ಸಿಗದಿದ್ದಾಗ ನಾನು ಒಣ ಮುರುಗಲ ಸಿಪ್ಪೆಯಲ್ಲಿ ಮಾಡಿ ನೋಡಿದ್ದೇನೆ. ಅದನ್ನು ಸುವಾನ್‌ಮೇಯ್‌ಥಾಂಗ್ ಎಂದು ಬೀಜಿಂಗ್‌ನವರ ಮುಂದೆ ಇಡುವ ಧೈರ್ಯವಿಲ್ಲ, ಆದರೆ ಭರಣಿ ಸಂಜೆಯೊಳಗೆ ಖಾಲಿಯಾಯಿತು.

ಇನ್ನೊಂದು ಉಪಯೋಗವನ್ನು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಗುವಾಂಗ್‌ಡಾಂಗ್‌ನ ಪೂರ್ವ ತುದಿಯ ಛಾವ್‌ಶಾನ್ ಸೀಮೆಯಲ್ಲಿ ಗಾಡಿಯವರು ಹೆಚ್ಚಿದ ಸೀಬೆಕಾಯಿ, ಮಾವಿನಕಾಯಿಗಳಿಗೆ ಗಾನ್‌ತ್ಸಾವ್ ಕುದಿಸಿದ ಸಿಹಿನೀರು ಕಲಸಿ ಮಾರುತ್ತಾರೆ. ಎರಡು ಬಿಲ್ಲೆಯನ್ನು ಒಂದು ಲೋಟ ನೀರಿನಲ್ಲಿ ಕಾಲು ಲೋಟಕ್ಕೆ ಇಳಿಸಿ, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಆರಿಸಿ. ದೋರೆ ಸೀಬೆಯನ್ನು ದಪ್ಪಗೆ ಹೆಚ್ಚಿ, ಮೇಲೆ ಸುರಿದು, ಹತ್ತು ನಿಮಿಷ ಬಿಟ್ಟು ತಿನ್ನಿ. ಉಪ್ಪು-ಖಾರದ ಪುಡಿಯ ಡಬ್ಬಿಯನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಿ, ಮನೆಯಲ್ಲಿ ಒಬ್ಬರಾದರೂ ಕೇಳುತ್ತಾರೆ.